ಜೀಪಿನ ನೆತ್ತಿಯ ಗುಡಾರ

ಹೋದ ವರ್ಷ ಮಳೆಗಾಲದಲ್ಲಿ ಬಿಸಿಲೆಯ ಕಡೆಗೆ ಹೋಗಿದ್ದೆ. ಅಲ್ಲಿ ನನಗೆ ಕೆಲಸವೇನೂ ಇರಲಿಲ್ಲ. ವಯಸ್ಸಾಗುತ್ತ ಮನುಷ್ಯ ಕೆಲವು ಊರುಗಳಿಗೆ ಕೆಲಸವಿಲ್ಲದೆಯೇ ಹೋಗುತ್ತಾನೆ, ಹೋಗಿ ಏನೂ ಮಾಡದೆ ವಾಪಸು ಬರುತ್ತಾನೆ. ಘಾಟಿಗೆ ಸ್ವಲ್ಪ ಮುಂಚೆ ರಸ್ತೆ ಬದಿಯ ಬಯಲಲ್ಲಿ ಒಂದು ಕಾರು ನಿಂತಿತ್ತು. ಅದರ ನೆತ್ತಿಯ ಮೇಲೊಂದು ಗುಡಾರ ಬಿಚ್ಚಿಕೊಂಡಿತ್ತು, ಪಕ್ಕದಲ್ಲಿ ಏಣಿ ಇಳಿಬಿಟ್ಟಿತ್ತು. ಎಲ್ಲಿಂದಲೋ ಬಂದ ಗಂಡ ಹೆಂಡತಿ ಕೆಳಗೆ ಕುಳಿತು ಟೀ ಕಾಯಿಸುತ್ತಿದ್ದರು. ನಾನು ನೋಡುತ್ತ ನಿಂತದ್ದನ್ನು ಕಂಡು ಅವನು ಹುರುಪಿನಿಂದ ಎಲ್ಲ ವಿವರಿಸಿದ. ಒಂದೇ ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತದಂತೆ, ಹಾಸಿಗೆ ಅದರೊಳಗೇ ಇರುತ್ತದಂತೆ, ಎಂಥ ಮಳೆಗೂ ಜಗ್ಗುವುದಿಲ್ಲವಂತೆ.

"ಮಡಚೋಕೆ ಎಷ್ಟು ಹೊತ್ತು ಬೇಕು?" ಎಂದೆ.

"ಅದೂ ಐದು ನಿಮಿಷ ಅಂಕಲ್. ಆದ್ರೆ ಮಡಚೋಕೆ ಯಾರಿಗೆ ಅರ್ಜೆಂಟು?" ಎಂದು ನಕ್ಕ.

ನಾನೂ ನಗಬೇಕಾಗಿತ್ತು. ಅಷ್ಟರಲ್ಲಿ ಗಾಳಿ ತಿರುಗಿ ಒದ್ದೆ ಬಟ್ಟೆಯ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಆಮೇಲೆ ಅಲ್ಲಿ ನಿಲ್ಲುವುದಾಗಲಿಲ್ಲ. "ಚೆನ್ನಾಗಿದೆಯಪ್ಪ" ಎಂದಷ್ಟೇ ಹೇಳಿ ಬಂದುಬಿಟ್ಟೆ. ಯಾವನೋ ಸಿಡುಕ ಮುದುಕ ಎಂದು ಅವರಂದುಕೊಂಡಿರಬೇಕು. ಅಂದುಕೊಳ್ಳಲಿ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿದ್ದ ಕಾಲ. ನನಗೆ ಮೂವತ್ತೊಂದು. ಮಳೆಗಾಲದಲ್ಲಿ ಮಲೆನಾಡಿನ ಹಳ್ಳಗಳಲ್ಲಿ ಎಷ್ಟು ನೀರು ಹರಿಯುತ್ತದೆ ಎಂದು ಒಂದು ಸಂಸ್ಥೆಯ ಪರವಾಗಿ ಅಳೆದು ಬರೆದಿಡುವುದು ನನ್ನ ಕೆಲಸ. ಹಳ್ಳದ ನಡುವೆ ಅಡಿ ಅಂಗುಲದ ಗೀಟು ಹಾಕಿದ ಕಂಬ ನೆಟ್ಟು, ದಿನಕ್ಕೆ ಮೂರು ಸಲ ನೀರು ಎಲ್ಲಿಗೆ ಬಂದಿದೆ ಎಂದು ನೋಡಿ, ಗಂಟೆ ನಿಮಿಷ ಸಮೇತ ಪುಸ್ತಕದಲ್ಲಿ ಬರೆಯಬೇಕು. ಕೇಳುವುದಕ್ಕೆ ಮಕ್ಕಳಾಟ. ಆದರೆ ಹಳ್ಳ ಉಕ್ಕುವ ದಿನವೇ ಅಳತೆ ಮುಖ್ಯ, ಹಳ್ಳ ಉಕ್ಕುವ ದಿನವೇ ಮೋರಿಗಳು ಮುಳುಗಿ ರಸ್ತೆ ಮುಚ್ಚುವುದು. ಹಾಗಾಗಿ ಪೇಟೆಯಲ್ಲಿ ರೂಮು ಮಾಡಿಕೊಂಡು ಹೋಗಿ ಬಂದು ಮಾಡುವ ಕೆಲಸವಲ್ಲ ಅದು. ಹಳ್ಳದ ಪಕ್ಕದಲ್ಲೇ ಬಿದ್ದಿರಬೇಕು.

ಅದಕ್ಕೆ ಹಿಂದಿನ ಮಳೆಗಾಲದಲ್ಲಿ ಆಲೂರಿನ ಕಡೆ ನೆಲದ ಮೇಲೆ ಗುಡಾರ ಹಾಕಿ ನೋಡಿದ್ದೆವು. ನಾವು ಎಂದರೆ ನಾನು ಮತ್ತು ಸಂಸ್ಥೆಯ ಜೀಪಿನ ಡ್ರೈವರ್ ಮಲ್ಲೇಶಣ್ಣ. ಆನೇಮಹಲಿನವನು, ನನಗಿಂತ ಹತ್ತು ವರ್ಷ ದೊಡ್ಡವನು, ಮಾತು ಕಡಿಮೆ. ಆ ಗುಡಾರದೊಳಗೆ ಮೊದಲು ನೀರು ಬಂತು, ಆಮೇಲೆ ಜಿಗಣೆ ಬಂದವು, ಕೊನೆಗೊಂದು ಬೆಳಗ್ಗೆ ಮಲ್ಲೇಶಣ್ಣನ ಹೊದಿಕೆಯ ಮಡಿಕೆಯಲ್ಲಿ ಮೊಳದುದ್ದದ ಮರಿಹಾವು ಬೆಚ್ಚಗೆ ಮಲಗಿತ್ತು. ಅವನು ಕೂಗಾಡಲಿಲ್ಲ. ಹೊದಿಕೆಯನ್ನು ಹೊರಗೆ ಕೊಡವಿ ಬಂದು, "ಸಾರ್, ಇನ್ನು ನೆಲದ ಮ್ಯಾಲೆ ನಾನು ಮಲಗಲ್ಲ ಕಣ್ರೀ. ಬೇಕಾದ್ರೆ ಕೆಲ್ಸ ಬುಡ್ತೀನಿ" ಎಂದ.

ಜೀಪಿನ ಮೇಲೆ ಗುಡಾರ ಕಟ್ಟುವ ಯೋಚನೆ ಹುಟ್ಟಿದ್ದು ಹಾಗೆ. ನಮ್ಮ ಸಂಸ್ಥೆಯ ಹಿರಿಯರೊಬ್ಬರು ಹೊರದೇಶದ ಪತ್ರಿಕೆಯಿಂದ ಹರಿದ ಒಂದು ಚಿತ್ರ ಕೊಟ್ಟರು. ನಮ್ಮಲ್ಲಿ ಅಂಥದ್ದು ಸಿಗುತ್ತಿರಲಿಲ್ಲ. ಚಿತ್ರ ಹಿಡಿದುಕೊಂಡು ಹಾಸನದಲ್ಲಿ ಲಾರಿ ಟಾರ್ಪಾಲು ಹೊಲಿಯುತ್ತಿದ್ದ ಗೌಸ್ ಸಾಬರ ಹತ್ತಿರ ಹೋದೆ. ಅವರು ಕನ್ನಡಕ ಹಣೆಗೇರಿಸಿ, ಚಿತ್ರವನ್ನು ತಲೆಕೆಳಗು ಮಾಡಿಯೂ ನೋಡಿ, "ಲಾರಿಗೆ ಹೊಲಿದಿದೀನಿ, ಮದುವೆ ಪೆಂಡಾಲಿಗೆ ಹೊಲಿದಿದೀನಿ. ಜೀಪಿನ ತಲೆ ಮೇಲೆ ಮನೆ ಕಟ್ಟಿಕೊಡಿ ಅಂತ ಇದುವರೆಗೆ ಯಾರೂ ಕೇಳಿರಲಿಲ್ಲ" ಎಂದರು. ಆದರೂ ಒಪ್ಪಿದರು.

ಬೇಸಿಗೆಯ ಎರಡು ತಿಂಗಳು ನನಗೆ ಅದೇ ಧ್ಯಾನ. ಪ್ಲಾಸ್ಟಿಕ್ಕೋ ಬಟ್ಟೆಯೋ ಎಂಬುದು ಮೊದಲ ಪ್ರಶ್ನೆ. ಪ್ಲಾಸ್ಟಿಕ್ ಹಗುರ, ನೀರು ಕುಡಿಯುವುದಿಲ್ಲ, ಆದರೆ ಒಳಗೆ ಇಬ್ಬರು ಉಸಿರಾಡಿದರೆ ಬೆಳಗಾಗುವಷ್ಟರಲ್ಲಿ ಆ ಉಸಿರೇ ಹನಿಯಾಗಿ ಮುಖದ ಮೇಲೆ ಬೀಳುತ್ತದೆ. ದಪ್ಪ ಹತ್ತಿಯ ಕ್ಯಾನ್ವಾಸು ಭಾರ, ಒದ್ದೆಯಾದರೆ ಇನ್ನೂ ಭಾರ, ಆದರೆ ಉಸಿರಾಡುತ್ತದೆ. ಕ್ಯಾನ್ವಾಸೇ ಆಗಲಿ ಎಂದು ಅದಕ್ಕೆ ಮೇಣ ತಿಕ್ಕಿಸಿದೆ. ಅಡಿಯಲ್ಲಿ ಎರಡು ಪ್ಲೈವುಡ್ ಹಲಗೆ, ನಡುವೆ ಕೀಲು. ಒಂದು ಹಲಗೆ ಜೀಪಿನ ಕ್ಯಾರಿಯರ್ ಮೇಲೆ ಕೂತಿರುತ್ತದೆ, ಇನ್ನೊಂದು, ಪುಸ್ತಕ ತೆರೆದಂತೆ, ಹಿಂದಕ್ಕೆ ತೆರೆದುಕೊಂಡು ಏಣಿಯ ಮೇಲೆ ನಿಲ್ಲುತ್ತದೆ. ಮೇಲೆ ಬಟ್ಟೆಯನ್ನು ಎತ್ತಿ ಹಿಡಿಯಲು ಕಮಾನಿನಂತೆ ಬಗ್ಗಿಸಿದ ಮೂರು ಅಲ್ಯುಮಿನಿಯಂ ಕಂಬಿ. ಈ ಕಂಬಿಗಳೇ ನನ್ನ ಪ್ರಾಣ ತೆಗೆದವು. ಬಾಗು ಒಂಚೂರು ಹೆಚ್ಚು ಕಡಿಮೆಯಾದರೆ ಬಟ್ಟೆ ಜೋಲುತ್ತದೆ, ಜೋತಲ್ಲಿ ನೀರು ನಿಲ್ಲುತ್ತದೆ. ವೆಲ್ಡಿಂಗ್ ಅಂಗಡಿಯವನ ಹತ್ತಿರ ಮೂರು ಸಲ ಬಗ್ಗಿಸಿಕೊಂಡೆ. ಕೊನೆಗೆ ಅವನು ನನ್ನನ್ನು ದೂರದಿಂದ ಕಂಡರೇ ಒಳಗೆ ಹೋಗುತ್ತಿದ್ದ.

ಜೂನ್ ಮೊದಲ ವಾರ ಅದನ್ನು ಹೊತ್ತುಕೊಂಡು ಹೆತ್ತೂರಿನ ಕಡೆ ಹೋದೆವು. ಮೇಲೆ ಅಷ್ಟು ಭಾರ ಹೇರಿದ್ದರಿಂದ ಜೀಪು ತಿರುವುಗಳಲ್ಲಿ ತೂಗುತ್ತಿತ್ತು. ಮಲ್ಲೇಶಣ್ಣ ನಿಧಾನಕ್ಕೆ ಹೊಡೆದ. ಒಂದು ಕಾಫಿ ಎಸ್ಟೇಟಿನ ಅಂಚಿನಲ್ಲಿ, ಕೂಲಿಯವರ ಲೈನ್ ಮನೆಗಳಿಂದ ನೂರು ಹೆಜ್ಜೆ ಈಚೆಗೆ, ಹಳ್ಳದ ದಂಡೆಯ ಗಟ್ಟಿ ಜಾಗದಲ್ಲಿ ನಿಲ್ಲಿಸಿದೆವು. ಚಕ್ರದಡಿ ಚಪ್ಪಡಿ ಕಲ್ಲು ಕೊಟ್ಟು ಮಟ್ಟ ಮಾಡುವುದಕ್ಕೇ ಒಂದು ಗಂಟೆ ಹಿಡಿಯಿತು. ಮಟ್ಟ ತಪ್ಪಿದರೆ ಮಲಗಿದವನು ಇಡೀ ರಾತ್ರಿ ಕಾಲ ಕಡೆಗೆ ಜಾರುತ್ತಲೇ ಇರುತ್ತಾನೆ.

ಲೈನಿನವರೆಲ್ಲ ನೋಡಲು ಬಂದರು. ಅವರಲ್ಲಿ ಹೂವಣ್ಣನೂ ಒಬ್ಬ. ನಲವತ್ತರ ಆಸುಪಾಸು, ಕಡ್ಡಿಯಂಥ ಮೈ, ಎಸ್ಟೇಟಿನಲ್ಲಿ ಮರಗಸಿ ಮಾಡುವವನು. ಕಾಫಿ ಗಿಡಕ್ಕೆ ನೆರಳು ಹೆಚ್ಚಾಗದಂತೆ ಮೇಲಿನ ಮರಗಳ ಕೊಂಬೆ ಕಡಿಯುವುದಕ್ಕೆ ಮರಗಸಿ ಎನ್ನುತ್ತಾರೆ. ಎಂಬತ್ತು ಅಡಿಯ ಮರಕ್ಕೆ ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಏರುವ ಕೆಲಸ. ಅವನು ನಮ್ಮ ಏಣಿಯನ್ನು ಅಲುಗಿಸಿ ನೋಡಿ, "ಸಾರ್, ನಾವು ಮರ ಹತ್ತೀವಿ, ಇಳೀತೀವಿ. ನೀವು ಹತ್ತಿ ಅಲ್ಲೇ ಮಲಗ್ಬುಡ್ತೀರಲ್ಲ! ಕೋತಿ ಜಾತಿ ನಮಗಿಂತ ನಿಮ್ದೇ ಮೇಲು ಬುಡಿ" ಎಂದ. ಎಲ್ಲರೂ ನಕ್ಕರು. ಅವನ ಹೆಂಡತಿ ಗಿರಿಜಕ್ಕ ಮಾತ್ರ, "ದೊಡ್ಡೋರ್ಗೆ ಹಂಗೆಲ್ಲಾ ಅನ್ಬ್ಯಾಡ ಮಾರಾಯ" ಎಂದು ಅವನ ತೋಳು ಹಿಡಿದೆಳೆದಳು.

ಅವತ್ತಿನಿಂದ ಹೂವಣ್ಣ ದಿನಾ ಸಂಜೆ ಬರುತ್ತಿದ್ದ. ಏಣಿಯ ಕಾಲಿಗೆ ಹೊಗೆಸೊಪ್ಪು ಸುಣ್ಣ ಅರೆದು ಹಚ್ಚಿದರೆ ಜಿಗಣೆ ಹತ್ತುವುದಿಲ್ಲ ಎಂದು ಹೇಳಿಕೊಟ್ಟವನು ಅವನೇ. ಹಳ್ಳದ ಸದ್ದು ಕೇಳಿಯೇ "ಇವತ್ತು ಒಂದು ಗೇಣು ಏರೈತೆ ನೋಡಿ" ಎನ್ನುತ್ತಿದ್ದ. ನಾನು ಹೋಗಿ ಕಂಬ ನೋಡಿದರೆ ಗೇಣಿಗೆ ಒಂದು ಅಂಗುಲ ಆಚೆ ಈಚೆ ಇರುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ, "ಒಂದ್ಸಲ ಮ್ಯಾಲೆ ಮಲಗಿ ನೋಡ್ಲಾ ಸಾರ್?" ಎಂದು ಕೇಳಿದ. ಹತ್ತಿ ಮಲಗಿದವನು ಹಾಗೇ ನಿದ್ದೆ ಹೋದ. ಗಿರಿಜಕ್ಕ ಊಟಕ್ಕೆ ಕರೆಯಲು ಬಂದವಳು ಕೆಳಗೆ ನಿಂತು ಗೊರಕೆ ಕೇಳಿಸಿಕೊಂಡು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಎಬ್ಬಿಸಬೇಡಿ ಎಂದು ನನಗೇ ಕೈಸನ್ನೆ ಮಾಡಿದಳು. ಎದ್ದ ಮೇಲೆ ಅವನು ನಾಚಿಕೊಂಡು, "ಒಳ್ಳೇ ತೊಟ್ಲು ಕಟ್ಸೀರಿ ಸಾರ್" ಎಂದ. ಆ ಮಾತು ಕೇಳಿ ನಾನು ಎಷ್ಟು ಉಬ್ಬಿದೆನೆಂದರೆ, ಸಂಸ್ಥೆಗೆ ಬರೆದ ಆ ವಾರದ ಕಾಗದದಲ್ಲಿ ಹಳ್ಳಕ್ಕಿಂತ ಗುಡಾರದ ವರ್ಣನೆಯೇ ಜಾಸ್ತಿಯಿತ್ತು.

ನನ್ನ ಸ್ವಭಾವ ಆಗ ಹಾಗಿತ್ತು. ನಾನು ಮಾಡಿಸಿದ ವಸ್ತು ಎಂದರೆ ಅದಕ್ಕೊಂದು ಗೀರು ಬಿದ್ದರೂ ಸಹಿಸುತ್ತಿರಲಿಲ್ಲ. ಮಲ್ಲೇಶಣ್ಣ ಏಣಿ ಹತ್ತುವಾಗ ಚಪ್ಪಲಿ ಬಿಡಬೇಕು, ಜಿಪ್ಪು ಎರಡು ಕೈಯಲ್ಲಿ ಎಳೆಯಬೇಕು, ಮಡಚುವಾಗ ಮೊದಲು ಹಾಸಿಗೆ, ಆಮೇಲೆ ಕಂಬಿ, ಆಮೇಲೆ ಬಟ್ಟೆ. ಈ ಕ್ರಮ ತಪ್ಪಿದರೆ ನಾನು ಮುಖ ಗಂಟಿಕ್ಕುತ್ತಿದ್ದೆ. ಅವನು ಹೇಳಿದಂತೆ ಮಾಡುತ್ತಿದ್ದ.

ಜುಲೈ ತಿಂಗಳು ಹತ್ತೊಂಬತ್ತು ದಿನ ಒಂದೇ ಸಮ ಮಳೆ ಹೊಡೆಯಿತು. ಆ ಮಳೆಯಲ್ಲಿ ಹಗಲು ಸಂಜೆ ಎಂಬ ಭೇದವೇ ಇರಲಿಲ್ಲ. ಒಣಗಿದ್ದು ಎನ್ನುವುದು ಒಂದೂ ಉಳಿಯಲಿಲ್ಲ, ಬೆಂಕಿಕಡ್ಡಿಯ ತಲೆ ಕೂಡ ಮೆತ್ತಗಾಗಿ ಉದುರುತ್ತಿತ್ತು. ಗುಡಾರದ ಮೂಲೆಗಳಲ್ಲಿ ಕರಿ ಚುಕ್ಕೆಗಳು ಎದ್ದವು. ಬೂಷ್ಟು ಹಿಡಿದ ಬಟ್ಟೆಯ ವಾಸನೆ ಅನ್ನಕ್ಕೂ ಹತ್ತಿತು. ಹೊಲಿಗೆಗಳಲ್ಲಿ ಮೇಣ ಬಿಡುತ್ತಿತ್ತು. ಒಂದು ದಿನ ಬಿಸಿಲು ಸಿಕ್ಕರೆ ಸಾಕು, ಎಲ್ಲ ಬಿಚ್ಚಿ ಒಣಗಿಸಿ ಹೊಲಿಗೆಗೆ ಮತ್ತೆ ಮೇಣ ತಿಕ್ಕಬೇಕು ಎಂದು ಕಾಯುತ್ತಿದ್ದೆ. ಎಸ್ಟೇಟಿನವರೂ ಅದನ್ನೇ ಕಾಯುತ್ತಿದ್ದರು. ಬೇಸಿಗೆಯಲ್ಲಿ ಮುಗಿಯಬೇಕಿದ್ದ ಮರಗಸಿ ಒಂದು ತುಂಡು ತೋಟದಲ್ಲಿ ಉಳಿದುಹೋಗಿತ್ತು. ನೆರಳು ದಟ್ಟವಾಗಿ ಅಲ್ಲಿನ ಕಾಫಿಗೆ ಕೊಳೆರೋಗ ಶುರುವಾಗಿತ್ತು.

ಇಪ್ಪತ್ತನೆಯ ದಿನ ಬೆಳಗ್ಗೆ ಮಳೆ ಹೊಳವಾಯಿತು. ಎಂಟು ಗಂಟೆಗೆ ಬಿಸಿಲೇ ಬಂತು. ಲೈನಿನ ಹೆಂಗಸರು ಕಂಬಳಿ, ಬಟ್ಟೆ, ಸೌದೆ ಎಲ್ಲವನ್ನೂ ಹೊರಗೆ ಹರವಿದರು. ನಾನು ಗುಡಾರವನ್ನು ನಿಂತಂತೆಯೇ ಪೂರ್ತಿ ತೆರೆದಿಟ್ಟು, ಹಾಸಿಗೆಯನ್ನು ಬಾನೆಟ್ ಮೇಲೆ ಹಾಕಿ, ಸ್ಟೌ ಹಚ್ಚಿ ಮೇಣ ಕರಗಿಸಲು ಕೂತೆ. ಎಸ್ಟೇಟಿನಲ್ಲಿ ಕೂಲಿ, ಲೆಕ್ಕ ನೋಡಿಕೊಳ್ಳುವ ರೈಟರ್ ಅದೇ ಹೊತ್ತಿಗೆ ಬಂದು ಹೂವಣ್ಣನನ್ನು ಕರೆದದ್ದು ನನಗೆ ಕೇಳಿಸುತ್ತಿತ್ತು.

"ಮರ ಇನ್ನೂ ಜಾರ್ತೈತೆ ರೈಟ್ರೇ. ಮಧ್ಯಾಹ್ನ ಹತ್ತಿದ್ರಾಗಲ್ವಾ?" ಎಂದ ಹೂವಣ್ಣ.

"ಮಧ್ಯಾಹ್ನಕ್ಕೆ ಮಳೆ ಹಿಡ್ಕಂಡ್ರೆ ಏನ್ ಮಾಡ್ತೀಯೋ? ಇವತ್ತು ಬಿಟ್ರೆ ಇನ್ನು ಯಾವಾಗ್ಲೋ."

ರೈಟರ್ ಕೆಟ್ಟವನಲ್ಲ. ನಾನೂ ಅವನ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ. ಹೂವಣ್ಣ ನಮ್ಮ ಪಕ್ಕದಲ್ಲೇ ಹಾದು ಹೋಗುತ್ತ ಮೇಣದ ಬಾಣಲೆ ನೋಡಿ, "ಸಾರ್ ಇವತ್ತು ಹೋಳಿಗೆ ಮಾಡ್ತಾವ್ರೆ" ಎಂದು ಮಲ್ಲೇಶಣ್ಣನಿಗೆ ಕಣ್ಣು ಮಿಟುಕಿಸಿದ.

ಹತ್ತು ಗಂಟೆಯ ಅಳತೆ ನೋಡಿ ಬಂದು ಪುಸ್ತಕ ಮುಚ್ಚಿದ್ದೆ. ತೋಟದ ಮೇಲಿನಿಂದ ಕೇಳುತ್ತಿದ್ದ ಕತ್ತಿಯ ಸದ್ದು ನಿಂತಿತು. ಆಮೇಲೆ ಏನೋ ಬಿದ್ದ ಸದ್ದು. ಕೊಂಬೆ ಇರಬೇಕು ಎಂದುಕೊಂಡೆ. ಕೂಗು ಕೇಳಿದ ಮೇಲೆ ಗೊತ್ತಾಯಿತು.

ನಾಲ್ಕು ಜನ ಹೂವಣ್ಣನನ್ನು ಕಂಬಳಿಯಲ್ಲಿ ಹೊತ್ತು ತಂದು ನಮ್ಮ ಜೀಪಿನಿಂದ ಐದು ಹೆಜ್ಜೆ ದೂರದಲ್ಲಿ ಮಲಗಿಸಿದರು. ಎಚ್ಚರವಿತ್ತು. ರಕ್ತ ಹೆಚ್ಚೇನೂ ಕಾಣಲಿಲ್ಲ, ಅದೇ ನನಗೆ ಮೋಸ ಮಾಡಿತು. ಮುಖ ಮಾತ್ರ ಬೂದಿಯ ಬಣ್ಣಕ್ಕೆ ತಿರುಗಿತ್ತು. "ಕಾಲು ಎಲ್ಲಿ ಅವೆ ಅಂತ ಗೊತ್ತಾಗ್ತಿಲ್ಲ ಸಾರ್. ಹೊಟ್ಟೆ ಹಿಡ್ಕಂತಾ ಐತೆ" ಎಂದ. ಎಸ್ಟೇಟಿನ ಜೀಪು ಧಣಿಗಳ ಜೊತೆ ಹೊರಗೆ ಹೋಗಿತ್ತು. ಫೋನು ಸತ್ತು ಎರಡು ವಾರವಾಗಿತ್ತು. ಇದ್ದ ಗಾಡಿ ನಮ್ಮದೊಂದೇ. ಅದರ ತಲೆಯ ಮೇಲೆ ಗುಡಾರ ಬಿಚ್ಚಿಕೊಂಡು ನಿಂತಿತ್ತು, ಅರ್ಧ ಹಲಗೆ ಹಿಂದಕ್ಕೆ ಚಾಚಿತ್ತು. ಅದನ್ನು ಮಡಚದೆ ಜೀಪು ಒಂದು ಮಾರು ಅಲುಗುವಂತಿರಲಿಲ್ಲ.

ಮಲ್ಲೇಶಣ್ಣ ಆಗಲೇ ಕತ್ತಿ ತೆಗೆದುಕೊಂಡು ಏಣಿ ಹತ್ತಿದ್ದ. "ಸಾರ್, ಬಟ್ಟೆ ಕುಯ್ದು ಕಂಬಿ ಮುರ್ದು ಬಿಸಾಕ್ತೀನಿ. ಹಲಗೆ ಮೇಲಕ್ಕೆತ್ತಿ ಹಗ್ಗ ಬಿಗಿದ್ರೆ ಆಯ್ತು. ಎರಡು ನಿಮಿಷ."

"ಬೇಡ ಬೇಡ, ಕುಯ್ಯಬೇಡ" ಎಂದೆ. "ಮಡಚೋದೂ ಐದೇ ನಿಮಿಷ. ಹಾಗೆಲ್ಲ ಎಳೆದ್ರೆ ಕಂಬಿ ಬಾಗ್ತವೆ. ನಿಧಾನ."

ಹೀಗೆ ಹೇಳಿದ್ದು ನಾನು. ಇಪ್ಪತ್ತು ವರ್ಷದ ಮೇಲಾಯಿತು, ಆ ಮಾತನ್ನು ಬೇರೆ ಯಾರಾದರೂ ಹೇಳಿರಬಹುದೇ ಎಂದು ನೆನಪಿನಲ್ಲಿ ಹುಡುಕಿದ್ದೇನೆ. ಇಲ್ಲ. ನಾನೇ, ನನ್ನ ದನಿಯಲ್ಲೇ ಹೇಳಿದ್ದು. ಮಲ್ಲೇಶಣ್ಣ ಒಂದು ಸಲ ನನ್ನ ಮುಖ ನೋಡಿ ಕತ್ತಿ ಕೆಳಗಿಟ್ಟ.

ಕ್ರಮವಾಗಿ ಮಡಚಿದೆವು. ಮೂರು ಕಂಬಿಗಳನ್ನು ಒಂದೊಂದಾಗಿ, ಬಟ್ಟೆಗೆ ಹೊಲಿದಿದ್ದ ತೋಳಿನಂಥ ಪಟ್ಟಿಯಿಂದ ಕಳಚಿದೆವು. ಬಟ್ಟೆ ಮಡಚಲು ಕೆಳಗೆ ಒಬ್ಬರು ಬೇಕಾಗಿತ್ತು. ಉಳಿದವರೆಲ್ಲ ಹೂವಣ್ಣನ ಸುತ್ತ ಇದ್ದರು. ಗಿರಿಜಕ್ಕ ಎದ್ದು ಬಂದಳು. ನಾನು ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಅವಳು ಕ್ಯಾನ್ವಾಸಿನ ಎರಡು ಅಂಚನ್ನು ಸೇರಿಸಿ, ಸೀರೆ ಮಡಚುವ ಹಾಗೆ, ಸುಕ್ಕು ಬೀಳದಂತೆ ಕೈಯಲ್ಲಿ ಸವರಿ ಸವರಿ ಮಡಚಿ ಮೇಲಕ್ಕೆ ಕೊಟ್ಟಳು. ಕೊಟ್ಟು ಕೊಟ್ಟು ಹಿಂದಕ್ಕೆ ತಿರುಗಿ ಗಂಡನನ್ನು ನೋಡುತ್ತಿದ್ದಳು. ಆಮೇಲೆ ಹಲಗೆ ಮುಚ್ಚಲಿಲ್ಲ. ಹತ್ತೊಂಬತ್ತು ದಿನದ ನೀರು ಕುಡಿದು ಪ್ಲೈವುಡ್ ಊದಿ ಕೀಲು ಬಿಗಿದುಕೊಂಡಿತ್ತು. ನಾನು ಕೀಲಿನ ತಿರುಪುಮೊಳೆ ಸಡಿಲಿಸಿದೆ, ಮತ್ತೆ ಕೂರಿಸಿದೆ, ಮಲ್ಲೇಶಣ್ಣ ಭುಜ ಕೊಟ್ಟು ನೂಕಿದ. ಅಂತೂ ಮುಚ್ಚಿತು. ಎಲ್ಲದಕ್ಕೂ ಗಂಟೆ ನಿಮಿಷ ಬರೆಯುವ ಕೆಲಸದವನಲ್ಲವೇ ನಾನು? ಅವನನ್ನು ತಂದು ಮಲಗಿಸಿದ್ದು ಹತ್ತು ಹತ್ತಕ್ಕೆ. ನಾವು ಹೊರಟದ್ದು ಹತ್ತು ಮೂವತ್ತೈದಕ್ಕೆ.

ದಾರಿಯಲ್ಲೂ ಅದೇ ಕಥೆ. ನೆತ್ತಿಯ ಮೇಲಿನ ಒದ್ದೆ ಭಾರಕ್ಕೆ ಜೀಪು ತಿರುವುಗಳಲ್ಲಿ ಹೊಯ್ದಾಡುತ್ತಿತ್ತು, ಮಲ್ಲೇಶಣ್ಣ ಜೋರಾಗಿ ಹೊಡೆಯುವಂತಿರಲಿಲ್ಲ. ಹಿಂದಿನ ಸೀಟಿನಲ್ಲಿ ಗಿರಿಜಕ್ಕ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಾತಾಡಿಸುತ್ತಲೇ ಇದ್ದಳು. ಮೊದಮೊದಲು ಅವನು ಹೂಂಗುಡುತ್ತಿದ್ದ. ಪೇಟೆಗೆ ಸ್ವಲ್ಪ ದೂರವಿದ್ದಾಗ ಅವಳೊಬ್ಬಳ ದನಿಯೇ ಕೇಳುತ್ತಿದೆ ಎಂದು ನನಗನ್ನಿಸಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಸಕಲೇಶಪುರದ ಆಸ್ಪತ್ರೆಯ ವೈದ್ಯರು ಜೀಪಿನ ಹತ್ತಿರಕ್ಕೇ ಓಡಿ ಬಂದರು, ಕೈ ಹಿಡಿದು ನೋಡಿದರು, ಕಣ್ಣು ನೋಡಿದರು. ನನ್ನನ್ನು ಪಕ್ಕಕ್ಕೆ ಕರೆದು, "ಈಗಷ್ಟೇ ಹೋಗಿದಾರೆ. ಮೈ ಇನ್ನೂ ಬಿಸಿಯಾಗಿದೆ" ಎಂದರು. ಒಳಗೆ ರಕ್ತಸ್ರಾವವಾಗಿತ್ತಂತೆ. ನನಗೆ ಸಮಾಧಾನವಾಗಲಿ ಎಂದು, "ನೀವು ನಿಮ್ಮ ಕೈಲಾದಷ್ಟು ಬೇಗ ತಂದಿದೀರಿ" ಎಂದೂ ಹೇಳಿದರು. ನಾನು ತಲೆಯಾಡಿಸಿದೆ.

ಅರ್ಧ ಗಂಟೆ ಮುಂಚೆ ಬಂದಿದ್ದರೆ ಅವನು ಉಳಿಯುತ್ತಿದ್ದನೇ? ಗೊತ್ತಿಲ್ಲ. ಆಮೇಲಿನ ವರ್ಷಗಳಲ್ಲಿ ಡಾಕ್ಟರುಗಳು ಸಿಕ್ಕಾಗಲೆಲ್ಲ, ಯಾರದೋ ವಿಷಯವೆಂಬಂತೆ ಕೇಳಿದ್ದೇನೆ. ಒಬ್ಬರು ಕಷ್ಟವಿತ್ತು ಎಂದರು, ಇನ್ನೊಬ್ಬರು ಹೇಳಲಾಗದು ಎಂದರು. ಮರದ ಎತ್ತರ ಹೇಳಿದ್ದೇನೆ, ದಾರಿಯ ದೂರ ಹೇಳಿದ್ದೇನೆ. ಆ ಇಪ್ಪತ್ತೈದು ನಿಮಿಷದ ಮಾತನ್ನು ಮಾತ್ರ ಯಾರ ಮುಂದೆಯೂ ಎತ್ತಿಲ್ಲ.

ಮರುದಿನ ಮತ್ತೆ ಮಳೆ ಹಿಡಿಯಿತು. ಕೆಲಸ ಸೆಪ್ಟೆಂಬರ್ ತನಕ ಇತ್ತು, ಬಿಟ್ಟು ಹೋಗುವಂತಿರಲಿಲ್ಲ, ಅಥವಾ ಬಿಟ್ಟು ಹೋಗುತ್ತೇನೆ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಅದೇ ಜಾಗದಲ್ಲಿ ಅದೇ ಗುಡಾರ ಬಿಚ್ಚಿದೆವು. ಮಲ್ಲೇಶಣ್ಣ ಎಲ್ಲವನ್ನೂ ಮೊದಲಿನಂತೆಯೇ ಕಟ್ಟಿಕೊಟ್ಟು, "ನಾನು ಸೀಟಲ್ಲೇ ಮಲಗ್ತೀನಿ ಸಾರ್" ಎಂದ. ಮಂಡಿ ಮಡಚಿಕೊಂಡು ಎರಡು ತಿಂಗಳು ಅವನು ಜೀಪಿನ ಮುಂದಿನ ಸೀಟಿನಲ್ಲೇ ಮಲಗಿದ. ಆ ಘಟನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬೈದಿದ್ದರಂತೂ ಕಾಲಿಗೆ ಬೀಳುತ್ತಿದ್ದೆ. ಮೇಲೆ ಇಬ್ಬರ ಜಾಗದಲ್ಲಿ ಒಬ್ಬನೇ ಮಲಗಿ ಮಳೆ ಕೇಳುತ್ತಿದ್ದೆ. ಆ ವರ್ಷದ ಆಗಸ್ಟಿನ ಮಳೆಗೆ ಲೈನ್ ಮನೆಗಳು ಸೋರಿದವು, ಎಸ್ಟೇಟಿನ ಸ್ಟೋರ್ ಸೋರಿತು. ಹೊಲಿಗೆಯ ಮೇಣ ಬಿಟ್ಟಿದ್ದರೂ ನನ್ನ ಗುಡಾರ ಒಂದು ಹನಿ ಸೋರಲಿಲ್ಲ. ಅಷ್ಟು ಚೆನ್ನಾಗಿ ಮಾಡಿಸಿದ್ದೆ. ಅದು ಎಲ್ಲಾದರೂ ಹರಿಯಲಿ, ಗಾಳಿಗೆ ಕಿತ್ತುಕೊಂಡು ಹೋಗಲಿ ಎಂದು ಬಯಸಿದ್ದೂ ಉಂಟು.

ಗಿರಿಜಕ್ಕ ಹದಿನೈದು ದಿನ ಕಳೆದ ಮೇಲೆ ಕೆಲಸಕ್ಕೆ ಹೋಗತೊಡಗಿದಳು. ಮಳೆಗೆ ಕಂಬಳಿಯ ಕೊಪ್ಪೆ ತಲೆಗೆ ಹಾಕಿಕೊಂಡು ನಮ್ಮ ಪಕ್ಕದ ದಾರಿಯಲ್ಲೇ ಹೋಗುತ್ತಿದ್ದಳು. ನಾನು ಕಂಬ ನೋಡುವ ನೆಪದಲ್ಲಿ ಹಳ್ಳಕ್ಕೆ ಇಳಿದುಬಿಡುತ್ತಿದ್ದೆ. ಅವಳ ಎದುರಿಗೆ ನಿಂತು ತಪ್ಪಾಯಿತು ಎಂದು ಹೇಳಬೇಕೆಂದು ಎಷ್ಟು ಸಲ ಅಂದುಕೊಂಡೆನೋ. ಹೇಳಿದರೆ, ಆ ತಡದಿಂದಲೇ ಜೀವ ಹೋಗಿರಬಹುದೆಂಬ, ಅವಳಿಗೆ ಹೊಳೆದಿರದ ಒಂದು ವಿಷಯವನ್ನು ನಾನೇ ಅವಳ ತಲೆಗೆ ಹಾಕಿದಂತಾದೀತು ಎಂಬ ನೆವ ಸಿಕ್ಕಿತ್ತು. ಹೇಡಿಗೆ ನೆವಗಳಿಗೇನು ಬರ.

ಸೆಪ್ಟೆಂಬರ್ ಕೊನೆಗೆ ಕೆಲಸ ಮುಗಿಯಿತು. ಕಂಬಗಳನ್ನು ಕಿತ್ತು, ಗುಡಾರ ಮಡಚಿ, ಹೊದಿಕೆ ಬಿಗಿದು ಹೊರಡಲು ನಿಂತಾಗ ಲೈನಿನವರು ಕಳಿಸಿಕೊಡಲು ಬಂದರು. ಗಿರಿಜಕ್ಕನೂ ಬಂದಳು. ಈ ಸಲ ತಪ್ಪಿಸಿಕೊಳ್ಳಲು ಹಳ್ಳದ ನೆಪವಿರಲಿಲ್ಲ. ಬಾಯಲ್ಲಿ ಮಾತು ಜೋಡಿಸಿಕೊಳ್ಳುತ್ತ ಅವಳ ಹತ್ತಿರ ಹೋದೆ. ಅವಳು ನನ್ನನ್ನು ನೋಡಲಿಲ್ಲ, ತಲೆಯೆತ್ತಿ ಜೀಪಿನ ಮೇಲಕ್ಕೆ ನೋಡುತ್ತಿದ್ದಳು. ಬಹಳ ದಿನದಿಂದ ಕೇಳಬೇಕೆಂದಿದ್ದು ಈಗ ಕೇಳಿಯೇಬಿಡುವ ಹಾಗೆ, ಸಂಕೋಚದಿಂದ ಕೇಳಿದಳು.

"ಸಾರ್, ಅವತ್ತು ನಂಗೆ ಕೈಯೇ ನಿಲ್ತಿರ್ಲಿಲ್ಲ. ಹೆಂಗೆಂಗೋ ಮಡಚಿ ಕೊಟ್ಬುಟ್ಟೆ. ಕಂಬಿ ಏನೂ ಬಾಗ್ಲಿಲ್ಲ ತಾನೆ?"

"ಇಲ್ಲ ಅಕ್ಕ" ಎಂದೆ. "ಒಂದೂ ಬಾಗಿಲ್ಲ."